ಪಾಸ್‌ಪೋರ್ಟ್ ನೋಡಿ ಹೋಳಿಗೆ ಬಡಿಸುವವರು

ಮಾನ್ಯ ಓದುಗರ ಅವಗಾಹನೆಗೆ ತರಬಯಸುವುದೇನೆಂದರೆ, ಬಸವೇಶ್ವರನಗರದ ನಮ್ಮ ಸೋದರತ್ತೆಯ ಮನೆಗೆ ಊಟಕ್ಕೆ ಹೋಗುವವರು ಪಾಸ್‌ಪೋರ್ಟ್ ಒಯ್ಯುವುದು ಕ್ಷೇಮ! ಮದುವೆ ಮುರಿದು, ಒಂದು ಸೂಟ್‌ಕೇಸಿನೊಂದಿಗೆ ಅಲ್ಲಿಗೆ ಹೋದ ನನಗಂತೂ ಅಲ್ಲಿ ಎಷ್ಟು ದಿನ ಇರಬಹುದೆಂಬುದೇ ಚಿಂತೆಯಾಗಿತ್ತು.

ಸದರಿ ಅತ್ತೆಯವರು ಲೆಕ್ಕಪರಿಶೋಧಕರು. ಇಲ್ಲಿ ವ್ಯವಹಾರ ನಡೆಸುವ ಜಪಾನಿ ಕಂಪನಿಗಳು ಯಾವ ತೆರಿಗೆಯನ್ನು ಯಾವ ದೇಶದಲ್ಲಿ ಕಟ್ಟಬೇಕೆಂದು ಸಲಹೆ ನೀಡುವುದು ಅವರ ವೃತ್ತಿ. ಜಪಾನಿನಿಂದ ಬಂದ ಇಂಜಿನಿಯರು ಇಂತಿಷ್ಟು ದಿನಗಳ ಮಿತಿ ಮೀರಿ ಉಳಿದರೆ ಕಾನೂನು ಅವನನ್ನು ಅತಿಥಿಯೆಂದು ಒಪ್ಪದು. ನಿವಾಸಿಯೆಂದು ಪರಿಗಣಿಸಿ ತೆರಿಗೆ ಕೇಳುತ್ತದೆ. ಯುಗಾದಿಯ ಊಟಕ್ಕೆ ಬಂದ ಅಂಥ ಒಬ್ಬನ ಪಾಸ್‌ಪೋರ್ಟಿನ ಮುದ್ರೆಗಳನ್ನೆಲ್ಲ ಪರಿಶೀಲಿಸಿದ ತರುವಾಯವೇ ಅತ್ತೆ ಹೋಳಿಗೆಗೆ ತುಪ್ಪ ಹಾಕಿದರು. ಆತ ಎರಡೂ ಕೈಗಳಿಂದ ತಟ್ಟೆ ಹಿಡಿದು ತಲೆಬಾಗಿದ. ವೀಸಾ ಮಂಜೂರಾಯಿತೆಂದು ಭಾವಿಸಿದನೇನೋ!

ಇದೇ ನಿಯಮ ಮನೆಗೂ ಅನ್ವಯ. ಎರಡು ವಾರ ಮೀರಿದ ನೆಂಟರು ನಿವಾಸಿಗಳು. ನಿವಾಸಿಗಳಿಗೆ ಮನೆಗೆಲಸ ಕಡ್ಡಾಯ. ಸೈಟು ನೋಡಲು ಹಾವೇರಿಯಿಂದ ಬಂದ ಬೀಗರೊಬ್ಬರು ಮೂರನೆಯ ವಾರಕ್ಕೆ ಕಾಲಿಟ್ಟ ದಿನವೇ, ಬೆಳಿಗ್ಗೆ ಸಂಪಿನ ಮೋಟಾರು ಹಾಕುವ ಹೊಣೆ ಅವರಿಗೆ ಬಿತ್ತು.

"ಏನ್ರಿ ಅಕ್ಕಾರ, ಬೀಗರಿಗೂ ಕೆಲಸಾ ಹಚ್ಚತೀರೇನ್ರಿ?"

"ಹೋದ ವಾರದವರೆಗೆ ಬೀಗರು. ಈಗ ಮನೆಯವರು. ಟ್ಯಾಂಕ್ ತುಂಬಿದ ತಕ್ಷಣ ಆಫ್ ಮಾಡಿ."

ಬೀಗರು ಸಂಜೆಯ ಬಸ್ಸಿಗೇ ಹೊರಟರು. ಸೈಟು ಮನಸ್ಸಿಗೆ ಬರಲಿಲ್ಲವಂತೆ!

ನಾನೋ, ಯಾರಿಗೂ ಹೊರೆಯಾಗಬಾರದೆಂದು ದೃಢನಿಶ್ಚಯ ಮಾಡಿದ್ದೆ. ನೆಂಟಳಾಗಿದ್ದರೆ ಹೊರಡುವ ದಿನವೊಂದಿರುತ್ತದೆ ಎಂದಾದರೂ ಜನ ನಂಬುತ್ತಾರೆ. ಹೀಗಾಗಿ ಸೂಟ್‌ಕೇಸನ್ನು ಬಿಚ್ಚಲೇ ಇಲ್ಲ. ಎರಡು ವಾರ ತುಂಬುವ ಮುನ್ನಾದಿನ ಕೆಂಗೇರಿ ಉಪನಗರದ ಗೆಳತಿಯ ಮನೆಗೆ ಹೋಗಿ, ಎರಡು ರಾತ್ರಿ ಕಳೆದು, ಹೊಸದಾಗಿ ಲೆಕ್ಕ ಆರಂಭವಾಗಲೆಂದು ಸೂಟ್‌ಕೇಸಿನ ಸಮೇತ ಹಿಂತಿರುಗಿದೆ. ಕಾನೂನು ಎಲ್ಲರಿಗೂ ಒಂದೇ ತಾನೆ?

ಅತ್ತೆ ಗೇಟಿನಲ್ಲೇ ನಿಂತಿದ್ದರು.

"ಈ ಆಟ ನನ್ನ ಹತ್ರ ಬೇಡ ಕಣೇ. ಕಂಪನಿಯವರು ಇಂಜಿನಿಯರ್‌ನ ಎರಡು ದಿನ ಸಿಂಗಾಪುರಕ್ಕೆ ಕಳಿಸಿ ವಾಪಸ್ ಕರೆಸ್ಕೊಂಡ್ರೆ ಹಳೇ ದಿನ ಅಳಿಸಿಹೋಗುತ್ತಾ?"

ಹೊರೆಯಾಗಬಾರದೆಂದು ಹೀಗೆ ಮಾಡಿದೆನೆಂದು ಅರಿಕೆ ಮಾಡಿಕೊಂಡೆ. ಅತ್ತೆ ಗೇಟು ತೆರೆದರು.

"ಒಬ್ಬನಿಗೆ ಎರಡು ದೇಶದಲ್ಲೂ ಮನೆ ಇದ್ರೆ ನಾವು ಏನ್ ನೋಡ್ತೀವಿ ಗೊತ್ತಾ? ಅವನ ಜೀವ ಎಲ್ಲಿ ಅಂಟ್ಕೊಂಡಿದೆ ಅಂತ. ನಿನ್ನ ಕಾಲು ಕೆಂಗೇರಿಯಿಂದ ಎಲ್ಲಿಗೆ ಬಂತು?"

ಉತ್ತರಕ್ಕೆ ಕಾಯದೆ ಸೂಟ್‌ಕೇಸನ್ನು ತಾವೇ ಒಳಗೊಯ್ದು, ತಮ್ಮ ಬೀರುವಿನ ಒಂದು ಅರೆಯಿಂದ ರೇಷ್ಮೆ ಸೀರೆಗಳನ್ನು ತೆಗೆದು ಮಂಚದ ಮೇಲೆ ಹಾಕಿದರು.

"ನಾಳೆಯಿಂದ ಮೋಟಾರ್ ನಿಂದು."

ಮರುದಿನ ಟ್ಯಾಂಕು ತುಂಬಿ ಹಿತ್ತಲೆಲ್ಲ ನೀರು ಹರಿಯಿತು. ನಾನು ಸ್ವಿಚ್ಚಿನ ಪಕ್ಕದಲ್ಲೇ ನಿಂತಿದ್ದೆ, ಕಣ್ಣು ಮಂಜಾಗಿ ಏನೂ ಕಾಣುತ್ತಿರಲಿಲ್ಲ. ಒಳಗಿನಿಂದ ಅತ್ತೆ ಬೀದಿಗೆಲ್ಲ ಕೇಳುವಂತೆ ಗದರಿದರು. ನೆಂಟರನ್ನು ಅವರು ಎಂದೂ ಗದರಿದವರಲ್ಲವೆಂಬುದನ್ನು ಈ ಮೂಲಕ ದೃಢೀಕರಿಸುತ್ತೇನೆ.