ಹೆಡ್‌ಲೈಟಲ್ಲ, ಹೆಡ್ಡ ಲೈಟು!

"ಇವತ್ತು ಸಂಜೆಯೊಳಗೆ ನಮ್ಮ ಕಾರಿನ ಮುಖಕ್ಕೆ ಕಳೆ ತರ್ತೀನಿ! ಬೀದೀಲಿ ಹೋಗೋರು ನಿಂತು ನೋಡ್ಬೇಕು, ಹಾಗೆ!"

ಲೈಬ್ರೇರಿಯನ್ ಸಾಹೇಬರು ತಿಂಡಿಯ ಮೇಜಿಗೆ ಗುದ್ದಿ ಹೀಗೆ ಘೋಷಿಸಿದಾಗ ಅವರ ಒಂದೇ ಕಣ್ಣು ತೆರೆದಿತ್ತು. ಇನ್ನೊಂದು ಇನ್ನೂ ಹಾಸಿಗೆಯಲ್ಲೇ ಇತ್ತು ಅನ್ನಬೇಕು. ಶರ್ಟಿನ ಗುಂಡಿಗಳು ಒಂದೊಂದು ಮನೆ ತಪ್ಪಿ ಮೇಲಿನ ಮನೆಯಲ್ಲಿ ಸೇರಿಕೊಂಡಿದ್ದವು. ಎದುರಿಗೆ ಕೂತಿದ್ದ ಹೆಂಡತಿ ಟೂತ್‌ಪೇಸ್ಟನ್ನು ಬ್ರೆಡ್ಡಿಗೆ ಸವರಲು ಹೊರಟವಳು, ವಾಸನೆ ಬಡಿದದ್ದರಿಂದ ಬಚಾವಾಗಿ ತಲೆ ಎತ್ತಿದಳು.

"ಮೊದಲು ನಿಮ್ಮ ಮುಖಕ್ಕೆ ಕಳೆ ತನ್ನಿ."

ಆಕೆ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಚುಚ್ಚಿದ್ದೇ ಗೊತ್ತಾಗದ ಹಾಗೆ ಚುಚ್ಚುತ್ತಾಳೆ ಅಂತ ಅಲ್ಲಿ ಹೆಸರು. ಮನೆಯಲ್ಲಿ ಮಾತ್ರ ಚೆನ್ನಾಗಿ ಗೊತ್ತಾಗುವ ಹಾಗೇ ಚುಚ್ಚುತ್ತಿದ್ದಳು.

ಗಂಡ ಹೆಂಡತಿ ಇಬ್ಬರೂ ಹೀಗೆ ಸೊರಗಿ ಹೋಗಲು ಕಾರಣ ಇನ್ನೂ ವರ್ಷ ತುಂಬದ ಮಗಳು. ಮನೆಯಲ್ಲಿ ಆಕೆಯನ್ನು ಕರೆಯುವುದೇ ಮಹಾರಾಣಿ ಅಂತ. ಮಹಾರಾಣಿಯವರು ಹಾಸಿಗೆಯಲ್ಲಿ ನಿದ್ದೆ ಮಾಡುವುದಿಲ್ಲ. ತೊಡೆಯ ಮೇಲೂ ಇಲ್ಲ, ಹೆಗಲ ಮೇಲೂ ಇಲ್ಲ. ಅಪ್ಪ ಲಾಲಿ ಹಾಡಿದರೆ ಅಪ್ಪನ ಬಾಯಿಗೇ ಕೈ ಹಾಕಿ ಮುಚ್ಚಿಸುತ್ತಾರೆ. ಇಂಜೆಕ್ಷನ್ ಹಾಕಿಸಿಕೊಂಡು ಬರುವಾಗ ಒಂದು ದಿನ ಕಾರಿನಲ್ಲಿ ಗಾಢವಾಗಿ ಮಲಗಿಬಿಟ್ಟರು. ಅವತ್ತಿನಿಂದ ಓಡುವ ಕಾರೇ ಅವರ ಶಯನಗೃಹ! ಪ್ರತಿದಿನ ಕತ್ತಲಾಗುತ್ತಿದ್ದ ಹಾಗೆ ಸವಾರಿ ಹೊರಡಬೇಕು. ವಾಟರ್ ಟ್ಯಾಂಕ್ ಸುತ್ತಿ, ರೈಲ್ವೆ ಸ್ಟೇಷನ್ ದಾಟಿ, ಪಾರ್ಕಿನ ಪಕ್ಕದ ರಸ್ತೆಯಲ್ಲಿ ಮನೆಗೆ. ಅಪ್ಪ ಸಾರಥಿ. ಅಮ್ಮ ಹಿಂದಿನ ಸೀಟಿನಲ್ಲಿ ಅಂಗರಕ್ಷಕಿ. ಹಾರ್ನ್ ಹೊಡೆಯುವಂತಿಲ್ಲ, ಕೆಮ್ಮುವಂತಿಲ್ಲ, ಸೀನು ಬಂದರೆ ನುಂಗಿಕೊಳ್ಳಬೇಕು.

ಕಾರು ಹಳೆಯದು. ಹೆಡ್‌ಲೈಟಿನ ಗಾಜು ಮಂಜಾಗಿ, ಬೆಳಕು ಹಳದಿಯಾಗಿ, ಎರಡು ಮಾರು ದೂರ ಹೋಗಿ ಸುಸ್ತಾಗಿ ರಸ್ತೆಯಲ್ಲೇ ಕೂತುಬಿಡುತ್ತಿತ್ತು. ನಮ್ಮ ಮನೆಯವರ ಹಾಗೇ ಇದೆ, ಇರಲಿ ಬಿಡಿ ಅಂತ ಹೆಂಡತಿಯ ಅಭಿಪ್ರಾಯ. ಸಾಹೇಬರಿಗೂ ಅದರ ಬಗ್ಗೆ ದೂರಿರಲಿಲ್ಲ. ಹಿಂದಿನ ದಿನ ಸಿಗ್ನಲ್ಲಿನಲ್ಲಿ ಬೈಕಿನ ಹುಡುಗನೊಬ್ಬ ಪಕ್ಕಕ್ಕೆ ಬಂದು ಕಿಟಕಿ ತಟ್ಟುವವರೆಗೂ ಇರಲಿಲ್ಲ.

"ಅಂಕಲ್, ಲೈಟ್ ಹಾಕ್ಕೊಳ್ಳಿ."

"ಹಾಕಿದೀನಲ್ಲಪ್ಪ!"

ಹುಡುಗ ಬಗ್ಗಿ ಕಾರಿನ ಮುಂಭಾಗ ನೋಡಿದ. "ಓ... ಸಾರಿ ಅಂಕಲ್" ಅಂತ, ಯಾರೋ ತೀರಿಕೊಂಡ ಮನೆಯಲ್ಲಿ ಹೇಳುವ ಹಾಗೆ ಹೇಳಿ ಹೊರಟುಹೋದ.

'ಅಂಕಲ್' ಅಂದಿದ್ದನ್ನಾದರೂ ಸಾಹೇಬರು ಕ್ಷಮಿಸುತ್ತಿದ್ದರು. ಆ ಕನಿಕರ ಮಾತ್ರ ಎದೆಗೆ ನಾಟಿತು. ಒಂದು ಕಾಲದಲ್ಲಿ ಅವರು ಶರ್ಟಿನ ಬಣ್ಣಕ್ಕೆ ಹೊಂದುವ ಕಾಲುಚೀಲ ಹಾಕುತ್ತಿದ್ದವರು. ಈಗ ಎರಡು ಕಾಲಿಗೂ ಒಂದೇ ಬಣ್ಣದ್ದು ಸಿಕ್ಕರೆ ಅದೇ ಹಬ್ಬ! ಆ ಹಳೆಯ ಠೀವಿಯಲ್ಲಿ ಸ್ವಲ್ಪವಾದರೂ ಎಲ್ಲಾದರೂ ಉಳಿಯಬೇಕಲ್ಲ? ತಮ್ಮ ಮುಖದ ಮೇಲಂತೂ ಸಾಧ್ಯವಿಲ್ಲ. ಕಾರಿನ ಮುಖದ ಮೇಲಾದರೂ ಇರಲಿ!

"ಮಗು ಮಲಗೋ ಹೊತ್ತಿಗೆ ಬೆಳಕು ಜಾಸ್ತಿ ಮಾಡೋದು ಯಾವ ಸೀಮೆ ಬುದ್ಧಿ ರೀ?" ಹೆಂಡತಿ ಕೇಳಿದಳು.

"ಬೆಳಕು ಇರೋದು ಕಾರಿನ ಹೊರಗೆ. ಮಗು ಇರೋದು ಕಾರಿನ ಒಳಗೆ. ಇಷ್ಟು ಸಣ್ಣ ವಿಷಯ ನಿನಗೆ ಹೊಳೀಲಿಲ್ವಲ್ಲ ಕಣೇ!"

"ಹೊಳೆಯುತ್ತೆ ಬಿಡಿ, ಸಂಜೆಗೆ" ಅಂದು ಆಕೆ ಡ್ಯೂಟಿಗೆ ಹೊರಟಳು.

ಸಾಹೇಬರು ಅರ್ಧ ದಿನ ರಜ ಹಾಕಿ ಕಾರಿನ ಅಲಂಕಾರದ ಅಂಗಡಿಗೆ ಹೋದರು. ಅಂಗಡಿಯವನು ಒಳಗೆ ನೆರಳಿನಲ್ಲೇ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದ. ಅದೇ ಒಂದು ಎಚ್ಚರಿಕೆ ಅಂತ ತಿಳಿಯಬೇಕಿತ್ತು. ನಿದ್ದೆ ಕಾಣದ ತಲೆಗೆ ಎಲ್ಲಿಂದ ತಿಳಿಯಬೇಕು?

"ಬಿಳಿ ಲೈಟ್ ಬೇಕಾ, ಹಾಲು ಬಿಳಿ ಬೇಕಾ, ಐಸ್ ಬಿಳಿ ಬೇಕಾ ಸಾರ್?"

"ಯಾವುದು ಚೆನ್ನಾಗಿ ಕಾಣುತ್ತೆ?"

"ನಿಮಗೆ ಕಾಣೋದಾ, ಎದುರಿಗೆ ಬರೋರಿಗೆ ಕಾಣೋದಾ?"

"ಇಬ್ಬರಿಗೂ."

"ನೀವು ಕೂತ್ಕೊಳ್ಳಿ ಸಾರ್. ಹಗಲು ಮಾಡಿಬಿಡ್ತೀನಿ!"

ಕುರ್ಚಿ ಮೆತ್ತಗಿತ್ತು. ಮೂಲೆಯಲ್ಲಿ ಫ್ಯಾನು ತಿರುಗುತ್ತಿತ್ತು. ಪಕ್ಕದಲ್ಲಿ ಅಳುವವರು ಯಾರೂ ಇರಲಿಲ್ಲ. ಇಂಥ ಐಷಾರಾಮ ಕಂಡು ಎಷ್ಟೋ ತಿಂಗಳಾಗಿತ್ತು! ಸಾಹೇಬರು ಕೂತಲ್ಲೇ ತೂಕಡಿಸಲು ಶುರುಮಾಡಿದರು. ಅಂಗಡಿಯವನು ಒಂದೊಂದು ಡಬ್ಬಿ ತಂದು ತೋರಿಸಿ, "ಇದೂ ಹಾಕ್ಲಾ ಸಾರ್?" ಅಂತ ಕೇಳುವುದಕ್ಕೂ ಅವರ ತಲೆ ಎದೆಯ ಕಡೆಗೆ ಜೋಲುವುದಕ್ಕೂ ಸರಿಹೋಯಿತು. ಅವನು ಒಪ್ಪಿಗೆ ಸಿಕ್ಕಿತು ಅಂದುಕೊಂಡ. ಮತ್ತೊಂದು ಡಬ್ಬಿ ತಂದ. ಮತ್ತೊಂದು ಜೋಲಿ. ಒಮ್ಮೆಯಂತೂ "ಎಲ್ಲಕ್ಕಿಂತ ದೊಡ್ಡದೇ ಹಾಕ್ಲಾ?" ಅಂದಾಗ ತಲೆ ಮೂರು ಸಲ ಬಿತ್ತು!

ಎಚ್ಚರವಾದಾಗ ಅಂಗಡಿಯವನು ಕೈ ಕುಲುಕುತ್ತಿದ್ದ. "ನಿಮ್ಮಂಥ ರಸಿಕ ಗಿರಾಕಿ ಇದುವರೆಗೆ ಸಿಕ್ಕಿರಲಿಲ್ಲ ಸಾರ್! ಒಂದಕ್ಕೂ ಬೇಡ ಅನ್ನಲಿಲ್ಲ!"

ಕಾರು ಕಣ್ಣರಳಿಸಿ ನಿಂತಿತ್ತು. ಬಲ್ಬಿನ ಸುತ್ತ ನೀಲಿ ಬಳೆ. ಅದರ ಕೆಳಗೆ ಅತ್ತಿಂದಿತ್ತ ಓಡುವ ಬೆಳಕಿನ ಪಟ್ಟಿ. ಜೊತೆಗೆ ಒಂದು ಹೊಸ ರಿಮೋಟು. ಅದನ್ನು ಯಾಕೆ ಕೊಟ್ಟ ಅಂತ ಕೇಳಲು ಸಾಹೇಬರಿಗೆ ಸಂಕೋಚ. ರಸಿಕರು ಅಂತ ಹೊಗಳಿಸಿಕೊಂಡ ಮೇಲೆ 'ಇದೇನಿದು' ಅಂತ ಕೇಳಿದರೆ ಮರ್ಯಾದೆ ಉಳಿಯುತ್ತದೆಯೇ?

ಕತ್ತಲಾಯಿತು. ಸವಾರಿ ಹೊರಟಿತು. ಸಾಹೇಬರು ಸ್ವಿಚ್ಚು ತಿರುಗಿಸಿದರು.

ಅಬ್ಬಾ! ಬೀದಿಗೆ ಬೀದಿಯೇ ಬೆಚ್ಚಿಬಿದ್ದು ಎದ್ದು ನಿಂತಿತು. ಮರದ ಒಂದೊಂದು ಎಲೆಯನ್ನೂ ಎಣಿಸಬಹುದಿತ್ತು. ಗೋಡೆಯ ಪಕ್ಕ ಮಲಗಿದ್ದ ನಾಯಿ ಬೆಳಗಾಯಿತೆಂದು ಎದ್ದು ಮೈಮುರಿಯಿತು. ರಸ್ತೆಯ ಫಲಕಗಳೆಲ್ಲ ಬೆಳಕನ್ನು ಹೀರಿಕೊಂಡು ನೇರ ಕಾರಿನೊಳಕ್ಕೇ ವಾಪಸು ಉಗುಳಿದವು. ಆಗಲೇ ರೆಪ್ಪೆ ಭಾರವಾಗುತ್ತಿದ್ದ ಮಹಾರಾಣಿಯವರು ಪಟ್ಟನೆ ಕಣ್ಣು ಬಿಟ್ಟರು. ಜಗತ್ತು ಇಷ್ಟು ಚೆನ್ನಾಗಿದೆ ಅಂತ ಇದುವರೆಗೆ ಯಾರೂ ಅವರಿಗೆ ಹೇಳಿರಲಿಲ್ಲ!

"ಆ!" ಅಂದರು ಮರಕ್ಕೆ. "ಆಆ!" ಅಂದರು ನಾಯಿಗೆ. ಫಲಕ ಕಂಡಾಗಲಂತೂ ಚಪ್ಪಾಳೆ!

"ಹೊಳೀತಾ?" ಹಿಂದಿನಿಂದ ಹೆಂಡತಿಯ ಧ್ವನಿ.

"ಹೊಸದಲ್ವಾ, ಅಭ್ಯಾಸ ಆಗುತ್ತೆ. ನೋಡು, ನೋಡು! ಆ ವಾಕಿಂಗ್ ಹೊರಟಿರೋ ಹಿರಿಯರು ನಮ್ಮ ಕಾರಿಗೆ ಸೆಲ್ಯೂಟ್ ಹೊಡೀತಿದ್ದಾರೆ!"

"ಸೆಲ್ಯೂಟ್ ಅಲ್ಲ ರೀ. ಕಣ್ಣಿಗೆ ಕೈ ಅಡ್ಡ ಹಿಡ್ಕೊಂಡಿದ್ದಾರೆ."

ಎದುರಿನಿಂದ ಬಂದ ಪ್ರತಿಯೊಬ್ಬರೂ ಹಾರ್ನ್ ಬಾರಿಸಿ ಬೈದು ಹೋದರು. ಬೈಗುಳ ಕೇಳಿಸದ ಹಾಗೆ ಕಿಟಕಿ ಏರಿಸಿದರೆ ಒಳಗೆ ಸೆಕೆ. ಸೆಕೆಗೆ ಮಹಾರಾಣಿಯವರ ಅಳು. ಅಳು ನಿಲ್ಲಿಸಲು ಇನ್ನೊಂದು ಫಲಕ. ಫಲಕಕ್ಕೆ ಮತ್ತೆ ಚಪ್ಪಾಳೆ. ವಾಟರ್ ಟ್ಯಾಂಕನ್ನು ಅದೆಷ್ಟು ಸುತ್ತು ಹಾಕಿದರೋ, ಕಾವಲುಗಾರ ಅನುಮಾನ ಬಂದು ಎದ್ದು ಗೇಟಿಗೆ ಬೀಗ ಹಾಕಿದ.

"ಇದು ಹೆಡ್‌ಲೈಟಲ್ಲ ರೀ. ಹೆಡ್ಡ ಲೈಟು!" ಹೆಂಡತಿಗೆ ಕೂಗಾಡಲೂ ಶಕ್ತಿಯಿರಲಿಲ್ಲ. ವರದಿ ಓದುವ ಹಾಗೆ ಹೇಳಿದಳು.

ಕೊನೆಗೆ ಒಂದು ದೊಡ್ಡ ಲಾರಿ ಸಿಕ್ಕಿತು. ಅದರ ಬೆನ್ನಿಗೇ ಅಂಟಿಕೊಂಡು, ಬೆಳಕೆಲ್ಲ ಅದರ ಹಿಂಭಾಗದ ಮೇಲೇ ಬೀಳುವ ಹಾಗೆ ಆಮೆಯಂತೆ ಹೋದ ಮೇಲೆ ಮಹಾರಾಣಿಯವರಿಗೆ ಬೇಸರ ಬಂತು. ಬೇಸರದಿಂದ ಆಕಳಿಕೆ. ಆಕಳಿಕೆಯಿಂದ ನಿದ್ದೆ. ಸಾಹೇಬರ ಕಣ್ಣಲ್ಲಿ ನೀರೇ ಬಂತು.

ಮನೆ ತಲುಪಿದರು. ಬಾಂಬನ್ನು ಎತ್ತಿಕೊಂಡವಳ ಹಾಗೆ ಹೆಂಡತಿ ಮಗುವನ್ನು ಎತ್ತಿಕೊಂಡಳು. ಒಂದೊಂದೇ ಹೆಜ್ಜೆ. ಮೆಟ್ಟಿಲು. ಬಾಗಿಲು. ಇನ್ನೇನು ಒಳಗೆ ಕಾಲಿಡಬೇಕು, ಸಾಹೇಬರು ಕಾರು ಲಾಕ್ ಮಾಡಲು ಹೊಸ ರಿಮೋಟು ಒತ್ತಿದರು.

'ಕೀಂ ಕೀಂ ಕೀಂ!' ಕಾರು ಹಾಡಿತು. ನೀಲಿ ಬಳೆಗಳು ಉರಿದು ಆರಿ ಉರಿದವು. ಬೆಳಕಿನ ಪಟ್ಟಿ ಗೋಡೆಯ ತುಂಬ ಓಡಾಡಿತು. ಇದು ಒಡೆಯರಿಗೆ ಕಾರು ಕೊಡುವ ಬೀಳ್ಕೊಡುಗೆ! ತೂಕಡಿಕೆಯಲ್ಲಿ ಒಪ್ಪಿಕೊಂಡ ಡಬ್ಬಿಗಳಲ್ಲಿ ಇದೂ ಒಂದು. ನಿಲ್ಲಿಸಲೆಂದು ಗಾಬರಿಯಲ್ಲಿ ಮತ್ತೆ ಒತ್ತಿದರು. ಬೀಳ್ಕೊಡುಗೆ ನಿಂತು ಸ್ವಾಗತ ಸಮಾರಂಭ ಶುರುವಾಯಿತು! ಅದು ಇನ್ನೂ ಉದ್ದ. ಮತ್ತೆ ಒತ್ತಿದರು. ಮತ್ತೆ ಬೀಳ್ಕೊಡುಗೆ.

ಎದುರುಮನೆಯವರು ಬನಿಯನ್ನಿನಲ್ಲೇ ಓಡಿಬಂದರು. "ಆಂಬುಲೆನ್ಸ್ ಯಾರಿಗೆ? ಯಾರಿಗೆ ಏನಾಯ್ತು?"

"ಯಾರಿಗೂ ಏನೂ ಆಗಿಲ್ಲ" ಅಂದರು ಸಾಹೇಬರು.

"ಇವರಿಗೆ ಆಗಿದೆ" ಅಂದಳು ಹೆಂಡತಿ. ಆಕೆಯ ಹೆಗಲ ಮೇಲೆ ಮಹಾರಾಣಿಯವರು ಪೂರ್ತಿ ಎಚ್ಚರವಾಗಿ, ಎರಡೂ ಕೈ ಚಾಚಿ, 'ಇನ್ನೊಮ್ಮೆ' ಅಂತ ಆಜ್ಞೆ ಮಾಡುತ್ತಿದ್ದರು.

ಆ ವಾರ ಹೇಗೆ ಕಳೆಯಿತು ಅಂತ ಕೇಳಬೇಡಿ. ಲೈಬ್ರರಿಯಲ್ಲಿ 'ಸದ್ದು ಮಾಡಬೇಡಿ' ಅಂತ ಇತರರಿಗೆ ಹೇಳಬೇಕಾದ ಸಾಹೇಬರ ಗೊರಕೆಗೆ ಓದುಗರೇ ಬಂದು "ಶ್!" ಅಂದರು. ಲ್ಯಾಬಿನಲ್ಲಿ ಹೆಂಡತಿ ಒಬ್ಬರ ತೋಳಿಗೆ ಪಟ್ಟಿ ಬಿಗಿದು, ಸೂಜಿ ಹಿಡಿದು, ಹಾಗೇ ಕಣ್ಣು ಮುಚ್ಚಿ ನಿಂತುಬಿಟ್ಟಳಂತೆ. ಆ ಮನುಷ್ಯ ತನಗಾಗಿ ಪ್ರಾರ್ಥನೆ ಮಾಡುತ್ತಿದ್ದಾಳೆ ಅಂತ ತಿಳಿದು ಎದ್ದು ಓಡಿಹೋದನಂತೆ!

ಅವತ್ತು ಬಂದು ಚಪ್ಪಲಿ ಬಿಡುವ ಮೊದಲೇ ಆಕೆ ಹೇಳಿದಳು: "ಭಾನುವಾರ ನನಗೆ ಡ್ಯೂಟಿ ಇದೆ. ನಾನು ವಾಪಸು ಬರೋದ್ರೊಳಗೆ ಆ ಲೈಟು ಈ ಮನೇಲಿ ಇರಬಾರದು. ಇದ್ದರೆ ನಾನಿರಲ್ಲ."

ಧ್ವನಿಯಲ್ಲಿ ಈ ಸಲ ತಮಾಷೆಯ ಎಳೆಯೂ ಇರಲಿಲ್ಲ. ಸಾಹೇಬರು ಆಕೆಯ ಕಣ್ಣಿನ ಕೆಳಗಿನ ಕಪ್ಪನ್ನು ನೋಡಿದರು. ಸಿಗ್ನಲ್ಲಿನ ಹುಡುಗ ಏನಂದರೆ ಏನು, ಈ ಮುಖಕ್ಕಿಂತ ಹೆಚ್ಚೇ ಅನ್ನಿಸಿತು. "ಆಯ್ತು ಕಣೇ, ತೆಗೆಸಿಬಿಡ್ತೀನಿ" ಅಂದರು ಮೆತ್ತಗೆ.

ಭಾನುವಾರ ಮಧ್ಯಾಹ್ನ ಮಹಾರಾಣಿಯವರನ್ನೂ ಕಟ್ಟಿಕೊಂಡು ಅಂಗಡಿಗೆ ಹೋದರು. ಹಗಲಾದ್ದರಿಂದ ಲೈಟಿನ ಮೋಜಿಲ್ಲ, ಆದ್ದರಿಂದ ದಾರಿಯುದ್ದಕ್ಕೂ ಅಳು. ಅಂಗಡಿಯೊಳಗೂ ಅಳು. ಅಂಗಡಿಯವನು ಕಪ್ಪು ಕನ್ನಡಕದ ಜೊತೆಗೆ ಕಿವಿಗೆ ಹತ್ತಿಯನ್ನೂ ಇಟ್ಟುಕೊಂಡ.

"ಎಲ್ಲಾ ತೆಗೆದು ಹಳೇ ಬಲ್ಬೇ ಹಾಕಿಬಿಡಪ್ಪ" ಅಂತ ಸಾಹೇಬರು ಕಿರುಚಿ ಹೇಳಿದರು.

ಅವನು ಬೇಸರದಿಂದ ಸ್ಕ್ರೂ ಬಿಚ್ಚುವ ಮೆಷಿನ್ನು ಎತ್ತಿದ. 'ಝುಂಯ್ಯ್ಯ್' ಅಂತು ಅದು. ಮೂಲೆಯಲ್ಲಿ ಗಾಳಿ ತುಂಬುವ ಮೆಷಿನ್ನು 'ಡಗ ಡಗ ಡಗ' ಅಂತ ಜೊತೆಗೂಡಿತು. ಮಹಾರಾಣಿಯವರ ಅಳು ಅರ್ಧಕ್ಕೆ ನಿಂತಿತು. ರೆಪ್ಪೆ ಇಳಿಯಿತು. ತಲೆ ಅಪ್ಪನ ಹೆಗಲಿಗೆ ಒರಗಿತು. ಆ ಕಿವಿಗಡಚಿಕ್ಕುವ ಗದ್ದಲದ ನಟ್ಟನಡುವೆ, ಬಾಯಿ ತುಸು ತೆರೆದು, ಮಹಾರಾಣಿಯವರು ನಿದ್ದೆ ಹೋದರು!

ಸಾಹೇಬರು ಉಸಿರು ಬಿಗಿಹಿಡಿದು ಕೂತರು. ಒಳ್ಳೆಯ ನಿದ್ದೆ! ಅವರ ಕಣ್ಣೂ ಮುಚ್ಚತೊಡಗಿತು. ಅಷ್ಟರಲ್ಲಿ ಮೆಷಿನ್ನು ನಿಂತಿತು.

"ಆಯ್ತು ಸಾರ್. ಹಳೇದು ಕೂರಿಸಿದೆ."

ಹೆಗಲ ಮೇಲೆ ಪುಟ್ಟ ದೇಹ ಅಲುಗಿತು. ತುಟಿ ಸೊಟ್ಟಗಾಯಿತು. ಅಳುವಿನ ಮುನ್ನುಡಿ!

"ಹೊಸದು ಹಾಕು! ಬೇಗ!" ಸಾಹೇಬರು ಹಲ್ಲು ಕಚ್ಚಿ ಹೇಳಿದರು.

"ಈಗ ತಾನೇ ತೆಗಿ ಅಂದ್ರಲ್ಲ?"

"ಹಾಕಿ ಆಮೇಲೆ ತೆಗೀಯಪ್ಪ!"

"ಸಾರ್, ನಿಮಗೆ ಲೈಟು ಬೇಕೋ ಬೇಡವೋ?"

"ಲೈಟು ಬೇಡ. ಸದ್ದು ಬೇಕು! ಇನ್ನೇನಿದೆ ನಿನ್ನ ಹತ್ರ? ಸದ್ದು ಮಾಡಿ ಕೂರಿಸೋ ಅಂಥದ್ದು ಏನಿದ್ರೂ ಹಾಕು!"

ಅಂಗಡಿಯವನು ಕಪ್ಪು ಕನ್ನಡಕ ತೆಗೆದು, ಮೊದಲ ಸಲ ಬರಿಗಣ್ಣಿನಿಂದ ಈ ಮಹಾನುಭಾವನನ್ನು ನೋಡಿದ. ಆಮೇಲೆ ಗೋಡೌನಿನ ಬಾಗಿಲನ್ನೇ ಪೂರ್ತಿ ತೆರೆದ.

ಸಂಜೆ ಡ್ಯೂಟಿ ಮುಗಿಸಿ ಬಂದ ಹೆಂಡತಿ ಗೇಟಿನಲ್ಲೇ ನಿಂತಳು. ಕಾರಿನ ಹೆಡ್‌ಲೈಟು ಮೊದಲಿನ ಹಾಗೇ ಮಂಕಾಗಿತ್ತು. ಉಳಿದದ್ದೊಂದೂ ಮೊದಲಿನ ಹಾಗಿರಲಿಲ್ಲ! ಬಾಗಿಲುಗಳಿಗೆ ಬೆಳ್ಳಿಯಂಥ ಅಂಚು. ಚಕ್ರಗಳಿಗೆ ಕೆಂಪು ಉಂಗುರ. ಕಿಟಕಿಗಳ ಮೇಲೆ ಹುಬ್ಬಿನಂಥ ಮರೆ. ಡಿಕ್ಕಿಯ ಮೇಲೆ, ಇನ್ನೇನು ಹಾರಿಹೋಗುತ್ತೇನೆ ಅನ್ನುವ ಹಾಗೆ, ಒಂದು ರೆಕ್ಕೆ! ಮದುಮಗನಂಥ ಕಾರಿನ ಪಕ್ಕದಲ್ಲಿ ಸಾಹೇಬರು ಅಪರಾಧಿಯ ಹಾಗೆ ನಿಂತಿದ್ದರು. ಹೆಗಲ ಮೇಲೆ ಮಹಾರಾಣಿಯವರು ಇನ್ನೂ ಗಾಢ ನಿದ್ದೆಯಲ್ಲಿದ್ದರು.

"ಇದೇನ್ರೀ ಇದು?"

"ಶ್! ಮೆಷಿನ್ ಸದ್ದಿಗೆ ಮಲಗ್ತಾಳೆ ಕಣೇ. ನಿಲ್ಲಿಸಿದ್ರೆ ಏಳ್ತಾಳೆ. ಅದಕ್ಕೇ ನಿದ್ದೆ ಗಟ್ಟಿಯಾಗೋವರೆಗೂ ಹಾಕಿಸ್ತಾ ಹೋದೆ. ಎಷ್ಟು ಬೇಕಾದ್ರೂ ಬೈಯಿ, ಪಿಸುಮಾತಲ್ಲಿ ಬೈಯಿ."

ಆಕೆ ಬೈಯಲಿಲ್ಲ. ಮಗುವಿನ ಮುಖ ನೋಡಿದಳು. ಗಂಡನ ಮುಖ ನೋಡಿದಳು. ಅವರ ಕೆನ್ನೆಯ ಮೇಲೆ ಅಂಗಡಿಯ ಕುರ್ಚಿಯ ಅಚ್ಚು ಮೂಡಿತ್ತು.

"ನೀವೂ ಮಲಗಿದ್ರಾ ಅಲ್ಲಿ?"

"ಸ್ವಲ್ಪ" ಅಂತ ಸಾಹೇಬರು ತಲೆ ತಗ್ಗಿಸಿದರು.

ಹೆಂಡತಿ ಬ್ಯಾಗು ಕೆಳಗಿಟ್ಟು, ತುದಿಗಾಲಲ್ಲಿ ಕಾರಿನ ಹಿಂದಕ್ಕೆ ಹೋಗಿ, ಬಗ್ಗಿ ನೋಡಿ ಬಂದಳು. ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು:

"ರೀ, ಹಿಂದಿನ ಲೈಟು ಹಳೇದೇ ಇದೆಯಲ್ಲ. ನಾಳೆ ನನಗೆ ರಜ. ಇವಳನ್ನ ಕರ್ಕೊಂಡು ನಾನು ಹೋಗ್ತೀನಿ!"