ಮಾವನ ನಾಟಕ, ತಮ್ಮನ ತಿದ್ದುಪಡಿ, ನನ್ನ ಮರ್ಜ್

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ದಿನಚರಿ ಬರೆಯುವ ಅಭ್ಯಾಸವೇನೋ ಇದೆ, ಆದರೆ ಗಾಬರಿಯಾದ ದಿನ ನಾನು ಬರೆಯುವುದಿಲ್ಲ; ಮರುದಿನ ಬರೆಯುವಾಗ ನಿನ್ನೆಗಿಂತ ಬಹಳ ಜಾಣೆಯಾಗಿರುತ್ತೇನೆ. ಎರಡು ಸಾವಿರದ ಹನ್ನೆರಡೋ ಹದಿಮೂರೋ ಇರಬೇಕು. ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಮನೆ, ಭಾನುವಾರದ ಬೆಳಿಗ್ಗೆ ಎನ್ನುವುದು ಮಾತ್ರ ಖಚಿತ. ಏಕೆಂದರೆ ಅಂದು ಸಂಜೆ ಕೋಪರಿಯಲ್ಲಿ ನಮ್ಮ ಕನ್ನಡ ಸಂಘದ ನಾಟಕದ ಮೊದಲ ತಾಲೀಮು ಇತ್ತು.

ನಾಟಕ ನನ್ನ ಮಾವನವರದು. ಬಾಗಲಕೋಟೆ ಕಡೆಯವರು. ಪೆನ್ನು ಮುಟ್ಟುವುದಿಲ್ಲ, ಪಡಸಾಲೆಯಲ್ಲಿ ಓಡಾಡುತ್ತ ಹೇಳುತ್ತಾರೆ, ನಾನು ಟೈಪ್ ಮಾಡುತ್ತೇನೆ. "ಒಮ್ಮೆ ಬಾಯಿಂದ ಹೋದದ್ದು ತಿರುಗಿ ಬರೂದಿಲ್ಲವಾ, ಲಗೂ ಬರಕೋ" ಎನ್ನುವುದು ಅವರ ಪಲ್ಲವಿ. ಸಂಘದಲ್ಲಿ ಅರ್ಧ ಜನ ಕರಾವಳಿಯವರು, ನನ್ನ ತವರಿನ ಹಾಗೆ. ಆ ಕಡೆಯ ಪಾತ್ರಗಳ ಮಾತು ತಿದ್ದುವ ಕೆಲಸ ಕೋಪರಖೈರಣೆಯಲ್ಲಿರುವ ನನ್ನ ತಮ್ಮ ಪ್ರಶಾಂತನಿಗೆ ಬಿತ್ತು. ಯಾರು ಏನು ತಿದ್ದಿದರೆಂಬ ಗೊಂದಲ ಬೇಡವೆಂದು ನಾನು ಆಫೀಸಿನ ಜಾಣತನವನ್ನು ಮನೆಗೆ ತಂದು, ನಾಟಕವನ್ನು ಗಿಟ್‌ಗೆ ಹಾಕಿದೆ. ಪ್ರತಿ ತಿದ್ದುಪಡಿಯನ್ನೂ ನೆನಪಿಟ್ಟುಕೊಂಡು, ಇಬ್ಬರ ಪ್ರತಿಗಳನ್ನು ಒಂದಾಗಿಸುವ ತಂತ್ರಾಂಶ ಅದು. ನನ್ನಂಥ ನೆನಪಿನವಳಿಗೆ ಇನ್ನೇನು ಬೇಕು?

ಆ ಒಂದಾಗಿಸುವುದಕ್ಕೆ ಮರ್ಜ್ ಎನ್ನುತ್ತಾರೆ. ಮಾಡಿದೆ. ಪರದೆ ತುಂಬ ತಕರಾರು. ಮೊದಲೆರಡು ಅಂಕಗಳಲ್ಲಿ ಮಾವನ ಸಾಲು, ಕೆಳಗೊಂದು ಅಡ್ಡಗೆರೆ, ಅದರ ಕೆಳಗೆ ತಮ್ಮನ ಸಾಲು. ವರನ ತಂದೆ "ಯಾಕ್ರೀ, ಚಾ ತಗೊಳ್ಳೂದಿಲ್ಲೇನು?" ಎಂದು ಕೇಳಿ, ಗೆರೆ ದಾಟಿ, ಅದೇ ಬಾಯಲ್ಲಿ "ಎಂತ ಮಾರಾಯ್ರೇ, ಚಾ ಕುಡಿಯುದಿಲ್ವಾ?" ಎನ್ನುತ್ತಿದ್ದ. ಪ್ರಶಾಂತ ಉತ್ಸಾಹದಲ್ಲಿ ಬಾಗಲಕೋಟೆಯ ಬೀಗರನ್ನೂ ಉಡುಪಿಗೆ ವರ್ಗ ಮಾಡಿದ್ದ!

ನಗಬಹುದಿತ್ತು. ಆದರೆ ಮೂರನೇ ಅಂಕ ನೆನಪಾಗಿ ಕೀಲಿಮಣೆಯಿಂದ ಕೈ ತೆಗೆದೆ. ವಾರವಿಡೀ ಮಾವ ಹೇಳಿ ಬರೆಸಿದ ಅದನ್ನು ನಾನು ಕಂಪ್ಯೂಟರಿನಲ್ಲಿ ಉಳಿಸಿದ್ದೆನೇ ಹೊರತು ಗಿಟ್‌ನ ದಾಖಲೆಗೆ ಸೇರಿಸಿ ಕಮಿಟ್ ಮಾಡಿರಲಿಲ್ಲ. ಅಂದರೆ ಗಿಟ್‌ಗೆ ಅದರ ನೆನಪಿಲ್ಲ, ಮಾವನಿಗಂತೂ ಇಲ್ಲ. ಮರ್ಜನ್ನು ರದ್ದು ಮಾಡುವಾಗ ಕೈ ತಪ್ಪಿದರೆ ಮೂರನೇ ಅಂಕ ಭೂಮಿಯ ಮೇಲೆ ಎಲ್ಲೂ ಇರುವುದಿಲ್ಲ. ತಮ್ಮನಿಗೆ ಫೋನು ಹಚ್ಚಿದೆ.

"ರೀಸೆಟ್ ಹಾರ್ಡ್ ಮಾರ್ ದೇ ಅಕ್ಕ, ಖತಂ. ಎಂತ ಟೆನ್ಶನ್?"

"ಖತಂ ಆಗುದು ಯಾವುದು ಗೊತ್ತುಂಟಾ? ಮಾವನ ಮೂರನೇ ಅಂಕ!"

"ಅರೇ, ಕಮಿಟ್ ನಹೀ ಕಿಯಾ? ಆಫೀಸಲ್ಲಿ ಇದಕ್ಕೇ ಅಲ್ವಾ ನೀನು ಎಲ್ಲರಿಗೂ ಬೈಯುದು?"

ಅವನು ಹೇಳಿದ ಆಜ್ಞೆ ದಾಖಲೆಯಲ್ಲಿಲ್ಲದ ಬದಲಾವಣೆಗಳನ್ನೆಲ್ಲ ಒರೆಸಿಹಾಕುತ್ತದೆ. ನನಗೆ ಬೇಕಾದದ್ದು ಅಬಾರ್ಟ್; ಅದು ಮರ್ಜನ್ನಷ್ಟೇ ಹಿಂತೆಗೆಯುತ್ತದೆ. ಹಾಗೆಂದು ನನ್ನ ನೆನಪು. ನನ್ನ ನೆನಪನ್ನು ನಂಬಿ ಗುಂಡಿ ಒತ್ತುವುದೇ? ಮೊದಲು ಇಡೀ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡಿದೆ. ನಕಲನ್ನು ತೆರೆದು ನೋಡಿದೆ. ಸಾಲದೆಂದು ನನಗೇ ಮೇಲ್ ಕಳಿಸಿಕೊಂಡೆ. ಮಾವ ಬಾಗಿಲಲ್ಲಿ ನಿಂತು, "ಏನವಾ, ನಾಟಕಾ ತಯಾರಾತೇನು?" ಎಂದರು.

"ಆಗ್ತಾ ಉಂಟು ಮಾವ" ಎಂದು, ಅವರು ಅತ್ತ ತಿರುಗಿದ ಮೇಲೆ ಅಬಾರ್ಟ್ ಕೊಟ್ಟೆ. ಅಡ್ಡಗೆರೆಗಳು ಮಾಯವಾದವು. ಮೂರನೇ ಅಂಕ ತೆರೆದೆ. ಇತ್ತು. ಕೊನೆಯ ಪರದೆ ಬೀಳುವವರೆಗೂ ಇತ್ತು. ಉಸಿರು ಬಿಡುವ ಮುಂಚೆಯೇ ಅದನ್ನು ದಾಖಲೆಗೆ ಸೇರಿಸಿದೆ. ಆಮೇಲೆ ಮತ್ತೆ ಮರ್ಜ್ ಮಾಡಿ, ಒಂದೊಂದೇ ಸಾಲು ಆರಿಸಿ, ಬೀಗರನ್ನು ಬಾಗಲಕೋಟೆಗೆ ಮರಳಿಸಿದೆ.

ಸಂಜೆ ಹೊರಡುವ ಮೊದಲು ಮುದ್ರಿಸಿದ ಹಾಳೆ ತಿರುವುವಾಗ ಮೂರನೇ ಅಂಕದಲ್ಲಿ ಸೊಸೆಯ ಪಾತ್ರದ ಮಾತೊಂದು ಕಣ್ಣಿಗೆ ಬಿತ್ತು: "ದಿನಾ ಎರಡು ಗಾಡಿ ಬದಲಿಸಿ ಮನೀಗೆ ಬರತೀನಿ. ದಣದೀ ಏನು ಅಂತ ಒಬ್ಬರರ ಕೇಳೀರೇನು?" ಮಾವ ಹೀಗೆ ಹೇಳಿದ್ದು ನೆನಪಿಲ್ಲ. ನಾನು ಸೇರಿಸಿದ್ದೂ ನೆನಪಿಲ್ಲ. ಭಾಷೆ ಅವರದು; ನನ್ನ ಆಫೀಸಿರುವ ವಾಶಿಯಿಂದ ಠಾಣೆಗೊಂದು, ಠಾಣೆಯಿಂದ ಡೊಂಬಿವಲಿಗೊಂದು, ಆ ಲೋಕಲ್ ಗಾಡಿಗಳು ನನ್ನವು. ಗಿಟ್‌ನಲ್ಲಿ ಹುಡುಕಿದೆ. ಇಡೀ ವಾರದ ಬರಹ ಅಂದು ಬೆಳಿಗ್ಗೆ ಒಂದೇ ಗಂಟಾಗಿ, ನನ್ನ ಹೆಸರಿನಲ್ಲಿ ದಾಖಲಾಗಿತ್ತು.

ಹಾಳೆಯನ್ನು ಮಾವನಿಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಆ ಸಾಲನ್ನು ಎರಡು ಸಲ ಓದಿದರು. ಮಡಚಿ ಜೇಬಿಗಿಟ್ಟು, "ಹೊತ್ತಾತು, ನಡೀ" ಎಂದು ಚಪ್ಪಲಿ ಮೆಟ್ಟಿದರು. ನಾಟಕವಾಗಿ ವರ್ಷಗಳಾದವು, ಹಾಳೆ ಕೊಡುವಾಗ ನಾನು ಕೇಳಿದ್ದು ಹಾಗೆಯೇ ಉಳಿದಿದೆ: "ಮಾವ, ಈ ಮಾತು ನೀವು ಹೇಳಿದ್ದಾ, ನಾನು ಸೇರಿಸಿದ್ದಾ?"