ಕೆಳಮನೆ ಅಜ್ಜಿಯ ಸಾಕ್ಷಿ

ಕೆಳಮನೆಯ ಫಿಲೊಮೆನಾಳ ತಲೆಯ ಮೇಲೆ, ಮಾಳಿಗೆಯಲ್ಲಿ, ಬೆಳಗಿನಿಂದ ಸಂಜೆಯವರೆಗೆ ಬೂಟುಗಳ ದರ್ಬಾರು. ಗಂಡ ಸತ್ತು ಮೂರು ವರ್ಷವಾಗಿತ್ತು. ಬೈಯಲು ಮನೆಯಲ್ಲಿ ಯಾರೂ ಇರಲಿಲ್ಲ. ಮೆಟ್ಟಿಲು ಹತ್ತಿದಳು.

ಮೇಲಿನ ಮನೆಯಲ್ಲಿ ತಾದೆಯೊ, ಬ್ರೂನೊ ಸಂಸಾರ. ಒಬ್ಬರನ್ನೊಬ್ಬರು ಮದುವೆಯಾದ ಗಂಡಸರು. ಆರು ವರ್ಷದ ನೊಯೆಲಿಯಾಳನ್ನು ದತ್ತು ಪಡೆಯಲೆಂದು ತಂದಿದ್ದರು. (ಗಂಡಸರಿಬ್ಬರು ಹೆಣ್ಣುಮಗು ಸಾಕುವುದುಂಟೇ ಎಂದು ಮೊದಲು ಮೂಗು ಮುರಿದವಳು ಫಿಲೊಮೆನಾಳೇ.)

"ಮನೆಯೊಳಗೆ ಬೂಟೇನ್ರೋ? ಇದು ಮನೇನೋ, ದಂಡಿನ ಠಾಣ್ಯಾನೋ?"

"ಮೆಲ್ಲಗೆ ಅಜ್ಜಿ," ಎಂದ ತಾದೆಯೊ. "ಎರಡು ಮನೆಯವರು ವಾಪಸ್ ಕಳಿಸಿದ ಮಗು. ಯಾವಾಗ ಹೊರಡು ಅಂತಾರೋ ಅಂತ ಬೂಟು ಬಿಚ್ಚೋದೇ ಇಲ್ಲ. ಅವಳು ಬಿಚ್ಚೋವರೆಗೂ ನಾವೂ ಬಿಚ್ಚಲ್ಲ. ಹಾಸಿಗೇಲೂ ಬೂಟೇ."

ಮೂರು ವಾರದ ಮೇಲೆ ಸದ್ದು ನಿಂತಿತು. ಅಂದಿನಿಂದ ಫಿಲೊಮೆನಾ ಮೇಲಿನ ಮನೆಯವರ ಪಕ್ಷ. ನಾಲ್ಕು ಹೆತ್ತಿದ್ದಳು. ಆದರೂ ಅವಳಿಗೆ ಈ ಉಪಾಯ ಹೊಳೆಯುತ್ತಿರಲಿಲ್ಲ. ಎರಡು ಬಾರಿಸಿ ಬಿಚ್ಚಿಸುತ್ತಿದ್ದಳು.

ದತ್ತು ಗಟ್ಟಿಮಾಡುವ ಕೊನೆಯ ವರದಿ ಬರೆಯಲು ಸರ್ಕಾರದ ಅಧಿಕಾರಿಣಿ ಬರುವ ದಿನ ಬಂತು. ಬ್ರೂನೊಗೆ ಊಟ ಸೇರಲಿಲ್ಲ.

"ಬೇಡ ಅಂತ ಬರೆದ್ರೆ ಮಗೂನ ಕರ್ಕೊಂಡು ಹೋಗ್ತಾರಲ್ಲ ಅಜ್ಜಿ?"

"ಕರ್ಕೊಂಡು ಹೋಗೋಕೆ ನಾನೇನು ಸತ್ತಿದೀನಾ? ಮಾತು ನನಗೆ ಬಿಡಿ."

ಫಿಲೊಮೆನಾ ಕಪ್ಪು ರೇಷ್ಮೆಯುಟ್ಟು ಅವರ ನಡುಮನೆಯಲ್ಲಿ ಸಾಕ್ಷಾತ್ ನ್ಯಾಯಪೀಠದಂತೆ ಕುಳಿತಳು.

"ಬೇಜಾರಾದ್ರೆ ಯಾರ ಹತ್ರ ಹೋಗ್ತೀಯ ಪುಟ್ಟಿ?" ಎಂದಳು ಅಧಿಕಾರಿಣಿ.

"ಪಪ್ಪನ ಹತ್ರ," ಎಂದು ನೊಯೆಲಿಯಾ ಬ್ರೂನೊನನ್ನು ತೋರಿಸಿದಳು. "ಪಪ್ಪಂಗೂ ಬೇಜಾರಾದ್ರೆ ಇಬ್ರೂ ಅಪ್ಪನ ಹತ್ರ ಹೋಗ್ತೀವಿ."

ಅಧಿಕಾರಿಣಿ ನಗುತ್ತಾ ಬರೆದುಕೊಂಡಳು. ಅಲ್ಲಿಗೆ ಮುಗಿಯುತ್ತಿತ್ತು. ಫಿಲೊಮೆನಾಗೆ ತಡೆಯಲಾಗಲಿಲ್ಲ.

"ಕೆನ್ನೆ ನೋಡಿ ತಾಯಿ! ಬಂದಾಗ ಸುಣ್ಣದ ಗೋಡೆ, ಈಗ ಸೇಬು. ಎಲ್ಲಾ ನನ್ನ ಕೈಗುಣ. ದಿನಾ ಸಂಜೆ ಬ್ರೆಡ್ಡನ್ನ ಕೆಂಪು ವೈನಲ್ಲಿ ನೆನೆಸಿ, ಮೇಲೆ ಸಕ್ಕರೆ ಉದುರಿಸಿ ಕೊಡ್ತೀನಿ. ನನ್ನ ನಾಲ್ಕೂ ಅದರಲ್ಲೇ ಬೆಳೆದ್ವು!"

ಲೇಖನಿ ನಿಂತಿತು. ತಾದೆಯೊ ಗೋಡೆ ಹಿಡಿದುಕೊಂಡ. ಬ್ರೂನೊ ಸುಣ್ಣದ ಗೋಡೆಯೇ ಆಗಿದ್ದ.

ಹದಿನೈದು ದಿನ ಫಿಲೊಮೆನಾ ಯಾರಿಗೂ ಮುಖ ತೋರಿಸಲಿಲ್ಲ. ಕೊನೆಗೆ ಬ್ರೂನೊ ಕಾಗದ ಹಿಡಿದು ಓಡಿ ಬಂದ. ಅಳುತ್ತಲೇ ಓದಿದ:

"ಮಗು ಸುಖವಾಗಿದೆ. ತಂದೆಯರಿಬ್ಬರೂ ಎಲ್ಲ ರೀತಿಯಲ್ಲೂ ಯೋಗ್ಯರು. ದತ್ತು ಮಂಜೂರು ಮಾಡಬಹುದು. ಕೆಳಮನೆಯ ಅಜ್ಜಿಯ ಮೇಲೆ ಮಾತ್ರ ಒಂದು ಕಣ್ಣಿಟ್ಟಿರತಕ್ಕದ್ದು."

ಆ ಹೊಣೆಯನ್ನು ನೊಯೆಲಿಯಾ ವಹಿಸಿಕೊಂಡಿದ್ದಾಳೆ. ಈಗ ದಿನಾ ಸಂಜೆ ಫಿಲೊಮೆನಾ ಮೇಲಿನ ಮನೆಯಲ್ಲಿ ಕೈಕಟ್ಟಿ ಕೂರಬೇಕು. ಮುಂದೆ ಒಂದು ಲೋಟ ಹಾಲು.

"ಕೆನೆ ಬಿಡಬೇಡ ಅಜ್ಜಿ," ಎನ್ನುತ್ತಾಳೆ ಹುಡುಗಿ. "ನಾನು ವರದಿ ಬರೀಬೇಕು."